ಬಾಡಿಗೆಯ ಮನೆಯನ್ನು ಬಿಡುವ ನ್ಯಾಯ

ಹೊಸ ಮನೆಯನ್ನು ಹೊಗುವ ಶುಭಕಾರ್ಯಕ್ಕೆ ನಮ್ಮ ಜನರು ಮನೆಯೊಕ್ಕಲು ಎಂದು ಹೆಸರಿಟ್ಟಿರುವರು. ಅದೇ ಮನೆಯಿಂದ ಒಬ್ಬನನ್ನು ಹೊರಡಿಸುವುದಕ್ಕೆ ಒಕ್ಕಲೆಬ್ಬಿಸುವುದೆಂದು ಹೆಸರು. ಒಕ್ಕಲೆಂದರೆ ವಾಸ, ಒಕ್ಕಲೆಂದರೆ ಸಂಸಾರ, ಒಕ್ಕಲೆಂದರೆ ಪರರ ನೆಲದಲ್ಲಿ ನೆಲಸಿ ದುಡಿಯುವವನು. ಒಂದೇ ಶಬ್ದದಲ್ಲಿ ಇಷ್ಟೆಲ್ಲ ಅಡಗಿರುವುದರಿಂದಲೇ, ಒಬ್ಬನನ್ನು ಒಕ್ಕಲೆಬ್ಬಿಸಿದರೆಂದು ಕೇಳಿದೊಡನೆ ಕರಾರು ಮುಗಿಯಿತೆಂಬ ಅರ್ಥಕ್ಕಿಂತ ಒಲೆ ಆರಿತೆಂಬ ಅರ್ಥವೇ ನಮ್ಮ ಕಿವಿಗೆ ಮೊದಲು ತಾಗುತ್ತದೆ. ಬಾಡಿಗೆ ಎಂಬ ಶಬ್ದವಾದರೋ ಹಾಗಲ್ಲ. ಅದು ಸಂಸ್ಕೃತದ ಭಾಟಕದಿಂದ ಪ್ರಾಕೃತದ ಮೂಲಕ ಬಂದ ವ್ಯವಹಾರದ ಮಾತು. ಮರಾಠಿಯ ಭಾಡೆ, ಹಿಂದಿಯ ಭಾಡಾ ಇವೆಲ್ಲ ಅದರ ಒಡಹುಟ್ಟಿದವುಗಳು. ಎತ್ತಿನ ಬಂಡಿಗೂ ಬಾಡಿಗೆ, ಮನೆಗೂ ಬಾಡಿಗೆ. ಈ ಎರಡು ಶಬ್ದಗಳ ನಡುವೆ, ಎಂದರೆ ಸಂಸಾರಕ್ಕೂ ವ್ಯವಹಾರಕ್ಕೂ ನಡುವೆ, ನ್ಯಾಯವು ಎಲ್ಲಿ ನಿಂತಿತೆಂಬುದನ್ನು ಇಂದು ವಿಚಾರಿಸಬೇಕೆಂದಿದ್ದೇವೆ.

ಬಾಡಿಗೆಯ ಕಾಯಿದೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮುಂಬಯಿ, ಕಲ್ಕತ್ತೆ, ಬೆಂಗಳೂರುಗಳನ್ನು ಮಾತ್ರ ನೋಡುತ್ತಾರೆ. ನಾವು ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಕಡೆಗೆ ತಿರುಗೋಣ. ಈಗ ಈ ನಾಲ್ಕೂ ೧೯೯೭ರಲ್ಲಿ ಹುಟ್ಟಿದ ಹಾವೇರಿ ಜಿಲ್ಲೆಯ ತಾಲೂಕುಗಳು. ಹಾನಗಲ್ಲು ಕದಂಬರ ಒಂದು ಶಾಖೆಯ ರಾಜಧಾನಿಯಾಗಿದ್ದು, ತಾರಕೇಶ್ವರ ದೇವಾಲಯವನ್ನು ಇಂದಿಗೂ ಕಾಪಾಡಿಕೊಂಡು ಬಂದಿರುವ ಊರು. ಬ್ರಿಟಿಷರ ಕಾಲದಲ್ಲಿ ಶಿಗ್ಗಾವಿಯು ಬಂಕಾಪುರ ತಾಲೂಕಿನ ಕಚೇರಿಯ ಸ್ಥಳವಾಗಿತ್ತು. ಹಿರೇಕೆರೂರು ಕೋಡ ತಾಲೂಕಿನದು. ಕಚೇರಿ ಬಂದಲ್ಲಿ ಮಾಮಲೇದಾರರೂ ಕಾರಕೂನರೂ ಶಾಲಾಮಾಸ್ತರರೂ ವರ್ಗವಾಗಿ ಬರಲೇಬೇಕು; ಬಂದವರಿಗೆ ಬಿಡಾರ ಬೇಕು. ಹಿರಿಯರ ದೊಡ್ಡ ಮನೆಯ ಪಡಸಾಲೆಗೆ ಗೋಡೆಯೆಬ್ಬಿಸಿ ಅರ್ಧವನ್ನು ಬಾಡಿಗೆಗೆ ಕೊಡುವ ಪದ್ಧತಿಯು ಇಂಥ ಊರುಗಳಲ್ಲಿಯೇ ಬೇರೂರುವಂಥದು. ಅಲ್ಲಿ ಒಡೆಯನೂ ಬಾಡಿಗೆದಾರನೂ ಒಂದೇ ಬಾವಿಯ ನೀರು ಸೇದುತ್ತಾರೆ. ವ್ಯಾಜ್ಯ ಹುಟ್ಟಿದರೆ ಅದು ದೂರದ ಇಬ್ಬರ ನಡುವಿನ ವ್ಯಾಜ್ಯವಲ್ಲ.

ನಮ್ಮ ಪ್ರಾಚೀನರು ಈ ವಿಷಯವನ್ನು ಯೋಚಿಸಿರಲಿಲ್ಲವೆಂದು ಭಾವಿಸುವುದು ತಪ್ಪು. ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನೀತಿಯನ್ನು ಹುಡುಕಿದವರು ಬಹಳ, ಮನೆಬಾಡಿಗೆಯನ್ನು ಹುಡುಕಿದವರು ವಿರಳ. ಮೂರನೆಯ ಅಧಿಕರಣದಲ್ಲಿ ವಾಸ್ತುವಿನ ಪ್ರಕರಣವಿದೆ. ಬೇಡವೆಂದ ಮೇಲೆಯೂ ಮನೆಯಲ್ಲಿ ಉಳಿದವನಿಗೆ ದಂಡ. ಬಾಡಿಗೆ ಕೊಟ್ಟು ಇರುವವನನ್ನು ಹೊರಗೆ ಹಾಕಿದ ಒಡೆಯನಿಗೂ ದಂಡ. ಬೈಗುಳ, ಕಳವು, ಬಲಾತ್ಕಾರ ಮೊದಲಾದ ದೋಷಗಳಿದ್ದಲ್ಲಿ ಮಾತ್ರ ಒಡೆಯನು ಹೊರಡಿಸಬಹುದು. ಇನ್ನು ತಾನಾಗಿಯೇ ಬಿಟ್ಟುಹೋಗುವವನು ಆ ವರುಷದ ಉಳಿದ ಬಾಡಿಗೆಯನ್ನು ತೆತ್ತು ಹೋಗಬೇಕು. ಎರಡು ಕಡೆಯವರಿಗೂ ಒಂದೇ ವಾಕ್ಯದಲ್ಲಿ ಕಟ್ಟು ಹಾಕಿದ ಈ ಬಿಗಿಯನ್ನು ನಾವು ಮೆಚ್ಚದೆ ಇರಲಾರೆವು. ಇತ್ತೀಚಿನ ಕಾಯಿದೆಗಳು ಇದೇ ಮಾತನ್ನು ಹೇಳಲು ಹತ್ತಾರು ಪುಟಗಳನ್ನು ತೆಗೆದುಕೊಂಡಿವೆ.

ನಾರದಸ್ಮೃತಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆಯೊಂದು ಬರುತ್ತದೆ. ಪರರ ನೆಲದಲ್ಲಿ ಮನೆ ಕಟ್ಟಿಕೊಂಡು, ಆ ನೆಲಕ್ಕೆ ಬಾಡಿಗೆ ಕೊಡುತ್ತ ಇದ್ದವನು ಬಿಟ್ಟು ಹೊರಡುವಾಗ ಹುಲ್ಲು, ಮರ, ಇಟ್ಟಿಗೆ ಮುಂತಾದವುಗಳನ್ನು ತೆಗೆದುಕೊಂಡು ಹೋಗಬಹುದು. ಬಾಡಿಗೆಯನ್ನೂ ಕೊಡದೆ ಒಪ್ಪಂದವನ್ನೂ ಮಾಡಿಕೊಳ್ಳದೆ ಇದ್ದವನಿಗೆ ಆ ಹಕ್ಕಿಲ್ಲ. ಇಂಗ್ಲಿಷ್ ನ್ಯಾಯದ ಹಳೆಯ ಸೂತ್ರವು ಇದಕ್ಕೆ ತೀರ ವಿರುದ್ಧವಾಗಿತ್ತು: ನೆಲಕ್ಕೆ ಏನು ಅಂಟಿತೋ ಅದು ನೆಲದ ಒಡೆಯನದು. ೧೮೬೬ರಲ್ಲಿ ಕಲ್ಕತ್ತೆಯ ಹೈಕೋರ್ಟಿನಲ್ಲಿ ಸರ್ ಬಾರ್ನೆಸ್ ಪೀಕಾಕರ ಪೂರ್ಣಪೀಠವು, ಆ ಇಂಗ್ಲಿಷ್ ಸೂತ್ರವು ಈ ದೇಶದ ಪದ್ಧತಿಯಲ್ಲವೆಂದು ತೀರ್ಮಾನಿಸಿತು. ಬಂಗಾಳದಲ್ಲಿ ಮಾತ್ರವಲ್ಲ, ಹುಲ್ಲುಮಾಡೂ ತೊಲೆಯೂ ಇದ್ದ ಊರೂರಿನಲ್ಲಿಯೂ ತೊಲೆಯೆಂಬುದು ಮನೆಗಿಂತ ಹೆಚ್ಚು ಬಾಳುವ ಆಸ್ತಿ. ಹಾನಗಲ್ಲಿನಿಂದ ಪಶ್ಚಿಮಕ್ಕೆ ಹೋದಂತೆ ಮಲೆನಾಡಿನ ಮರವನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಬ್ರಿಟಿಷ್ ಇಂಡಿಯಕ್ಕೆ ಸ್ವತ್ತು ಹಸ್ತಾಂತರದ ಕಾಯಿದೆಯು ೧೮೮೨ರಲ್ಲಿ ಬಂದಿತು. ಆದರೆ ಮುಂಬಯಿ ಇಲಾಖೆಗೆ ಅದು ಒಡನೆಯೇ ಅನ್ವಯಿಸಲಿಲ್ಲ. ೧೮೯೩ರ ಜನವರಿ ೧ರಿಂದ ಅನ್ವಯವಾಯಿತು. ಶಿಗ್ಗಾವಿಯ ಬಳಿಯ ಶಿಶುನಾಳದ ಶರೀಫರು ೧೮೮೯ರಲ್ಲಿಯೇ ತೀರಿಕೊಂಡಿದ್ದರು. ಸೋರುವ ಮಾಳಿಗೆಯನ್ನು ನೆಪಮಾಡಿಕೊಂಡು ಅವರು ಹಾಡಿದ್ದು ಈ ದೇಹವೆಂಬ ಮನೆಯ ವಿಷಯವಾದರೂ, ಮಣ್ಣಿನ ಮಾಳಿಗೆಯ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಮೊದಲ ಅರ್ಥವೂ ಸಾಲದೆ ಹೋಗುವುದಿಲ್ಲ. ಕಾಯಿದೆಯು ಆ ಮಾಳಿಗೆಗೂ ಒಂದು ನಿಯಮ ಮಾಡಿತು. ದುರಸ್ತಿ ಮಾಡಲು ಒಡೆಯನು ಕಟ್ಟುಬಿದ್ದಿದ್ದರೆ, ತಿಳಿಸಿದ ಬಳಿಕವೂ ಆತನು ಮಾಡದಿದ್ದರೆ, ಬಾಡಿಗೆದಾರನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. 'ಕಟ್ಟುಬಿದ್ದಿದ್ದರೆ' ಎಂಬ ಮಾತನ್ನು ಶ್ರೋತೃಗಳು ಗಮನಿಸಬೇಕು. ಕರಾರಿನಲ್ಲಿ ಅಂಥ ಮಾತಿಲ್ಲದೆ ಒಡೆಯನ ಮೇಲೆ ಆ ಭಾರವನ್ನು ಹೊರಿಸುವುದು ಸುಲಭವಲ್ಲ.

ಈ ಕಾಯಿದೆಯ ೧೦೬ನೆಯ ಕಲಮು ನಮ್ಮ ವಿಷಯದ ಹೃದಯವಾಗಿದೆ. ವಾಸದ ಮನೆಯ ಬಾಡಿಗೆಯು, ಬೇರೆ ಕರಾರಿಲ್ಲದಿದ್ದರೆ, ತಿಂಗಳಿನಿಂದ ತಿಂಗಳಿಗೆ ನಡೆಯುವಂಥದು. ಅದನ್ನು ಮುಗಿಸಬೇಕಾದರೆ ಹದಿನೈದು ದಿನಗಳ ನೋಟೀಸು ಬೇಕು. ನೋಟೀಸು ಒಡೆಯನು ಕೊಡತಕ್ಕದ್ದೆಂದು ಮಾತ್ರ ತಿಳಿದವರು ಅನೇಕರು. ಬಿಟ್ಟುಹೋಗುವ ಬಾಡಿಗೆದಾರನೂ ಅದನ್ನು ಕೊಡಬೇಕು. ಬೆಳಗಾಗುವುದರೊಳಗೆ ಬಂಡಿ ಹೂಡಿ ಹೊರಟುಹೋದವನು ನೋಟೀಸಿನ ಕಾಲದ ಬಾಡಿಗೆಗೆ ಹೊಣೆಯಾಗಿಯೇ ಇರುತ್ತಾನೆ. ಕೌಟಿಲ್ಯನು ವರುಷದ ಶೇಷವನ್ನು ಕೇಳಿದ್ದನು. ಹೊಸ ಕಾಯಿದೆಯು ಹದಿನೈದು ದಿನಕ್ಕೆ ತೃಪ್ತವಾಯಿತು.

ನೋಡುವುದಕ್ಕೆ ಸರಳವಾದ ಈ ಕಲಮು ನೂರು ವರುಷ ವಕೀಲರಿಗೆ ಅನ್ನ ಕೊಟ್ಟಿತು. ಮೂಲಪಾಠದ ಪ್ರಕಾರ ಆ ಹದಿನೈದು ದಿನಗಳು ಬಾಡಿಗೆಯ ತಿಂಗಳಿನ ಕೊನೆಯ ದಿನಕ್ಕೆ ಸರಿಯಾಗಿ ಮುಗಿಯತಕ್ಕದ್ದು. ಹಿರೇಕೆರೂರಿನಲ್ಲಿ ಒಬ್ಬನು ಒಂದನೆಯ ತಾರೀಖಿನಿಂದ ಮನೆ ಹಿಡಿದಿದ್ದಾನೆಂದು ಭಾವಿಸೋಣ. ಜೂನ್ ೧೦ರಂದು ನೋಟೀಸು ಮುಟ್ಟಿದರೆ ಜೂನ್ ಕೊನೆಗೆ ಬಾಡಿಗೆ ಮುಗಿಸಬಹುದು. ಜೂನ್ ೨೦ರಂದು ಮುಟ್ಟಿದರೆ ಜುಲೈ ಕೊನೆಯವರೆಗೆ ಕಾಯಬೇಕು. ಜುಲೈ ೫ಕ್ಕೆ ಬಿಡೆಂದು ಬರೆದರೆ ನೋಟೀಸೇ ಬಿದ್ದುಹೋಗುವುದು. ತಿಂಗಳೆಂದರೆ ಯಾವ ತಿಂಗಳು? ಕಾಯಿದೆಯ ಭಾಷೆಯಲ್ಲಿ ಇಂಗ್ಲಿಷ್ ಪಂಚಾಂಗದ ತಿಂಗಳು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಲೆಕ್ಕವಿಡುವ ಅಂಗಡಿಕಾರನು ತನ್ನ ಲೆಕ್ಕವೇ ಸರಿಯೆಂದು ವಾದಿಸಬೇಕಾದರೆ ಕರಾರಿನಲ್ಲಿ ಅದು ಕಾಣಬೇಕು. ಹಣ ಕೊಡದೆ ವರುಷಗಟ್ಟಲೆ ಕೂತವನೂ ತಾರೀಖಿನ ದೋಷದಿಂದ ಮೊಕದ್ದಮೆ ಗೆದ್ದನೆಂದರೆ, ಒಡೆಯನಿಗೆ ನ್ಯಾಯದಲ್ಲಿ ನಂಬಿಕೆ ಉಳಿಯುವುದು ಕಷ್ಟ. ೧೯೧೮ರಲ್ಲಿಯೇ ಪ್ರೀವಿ ಕೌನ್ಸಿಲು ಹರಿಹರ ಬ್ಯಾನರ್ಜಿಯ ಮೊಕದ್ದಮೆಯಲ್ಲಿ, ಇಂಥ ನೋಟೀಸುಗಳನ್ನು ತಪ್ಪು ಹುಡುಕುವ ಕಣ್ಣಿನಿಂದ ಓದಬಾರದೆಂದು ಹೇಳಿತ್ತು. ಆದರೂ ತಿದ್ದುಪಡಿ ಬರಲು ೨೦೦೩ರ ೩ನೆಯ ಕಾಯಿದೆಯವರೆಗೆ ಕಾಯಬೇಕಾಯಿತು. ಈಗ ತಿಂಗಳ ಕೊನೆಗೆ ಮುಗಿಯಬೇಕೆಂಬ ಕಟ್ಟಿಲ್ಲ. ನೋಟೀಸು ಕೈಸೇರಿದ ದಿನದಿಂದ ಎಣಿಕೆ. ಬರೆದ ಅವಧಿ ಕಡಿಮೆಯಾಗಿದ್ದರೂ, ಹದಿನೈದು ದಿನ ಕಳೆದ ಬಳಿಕ ದಾವೆ ಹೂಡಿದ್ದರೆ ಆ ಕಾರಣಕ್ಕಾಗಿಯೇ ನೋಟೀಸು ಕೆಡುವುದಿಲ್ಲ.

ಹನ್ನೊಂದು ತಿಂಗಳ ಕರಾರಿನ ಗುಟ್ಟು ಕೂಡ ಇದೇ ಕಾಯಿದೆಯಲ್ಲಿದೆ. ವರುಷಕ್ಕೆ ಮೀರಿದ ಗೇಣಿಯ ಕರಾರು ನೋಂದಣಿಯಾಗಬೇಕು. ಅದರ ಖರ್ಚನ್ನು ತಪ್ಪಿಸಲು ಹನ್ನೊಂದು ತಿಂಗಳು. ಅವಧಿ ಮುಗಿದರೆ ನೋಟೀಸಿಲ್ಲದೆಯೇ ಬಾಡಿಗೆ ಮುಗಿಯುತ್ತದೆ. ಆದರೆ ಹನ್ನೆರಡನೆಯ ತಿಂಗಳಿನ ಬಾಡಿಗೆಯನ್ನು ಒಡೆಯನು ಒಪ್ಪಿ ತೆಗೆದುಕೊಂಡನೋ, ಅದು ಮತ್ತೆ ತಿಂಗಳ ಬಾಡಿಗೆಯಾಗಿ ಚಿಗುರುತ್ತದೆ, ಮತ್ತೆ ನೋಟೀಸು ಬೇಕಾಗುತ್ತದೆ.

ಇಷ್ಟೆಲ್ಲ ಆದ ಮೇಲೆಯೂ ಬಾಡಿಗೆದಾರನು ಎದ್ದು ಹೋಗಲಿಲ್ಲವೆನ್ನಿ. ಅವನು ಸಂತೆಗೆ ಹೋದ ಹೊತ್ತು ನೋಡಿ ಒಡೆಯನು ಪಾತ್ರೆಪಡಗವನ್ನು ಜಗಲಿಗೆ ಹಾಕಿ ಬೀಗ ಜಡಿಯಬಹುದೇ? ಮನೆ ನನ್ನದು, ಅವಧಿ ಮುಗಿಯಿತು, ನನ್ನ ಮನೆಯನ್ನು ನಾನು ಹೊಕ್ಕೆನು, ಇದರಲ್ಲಿ ಅನ್ಯಾಯವೇನು ಎಂಬುದು ಒಡೆಯನ ವಾದ. ತರ್ಕಕ್ಕೆ ಇದು ಬಲವಾಗಿ ಕಾಣುವುದನ್ನು ಒಪ್ಪಬೇಕು. ಇಂಗ್ಲೆಂಡಿನಲ್ಲಿ ಈ ವಾದ ಗೆದ್ದೂ ಇತ್ತು: ೧೯೨೦ರಲ್ಲಿ ಸ್ಟೋಕ್ ಪೋಜೆಸ್ ಗಾಲ್ಫ್ ಕ್ಲಬ್ಬಿನ ಮೊಕದ್ದಮೆಯಲ್ಲಿ, ಹಕ್ಕು ಮುಗಿದವನನ್ನು ಅಗತ್ಯಕ್ಕೆ ಮೀರದ ಬಲದಿಂದ ಹೊರಗೆ ಕಳುಹಿಸಿದ ಒಡೆಯನು ಹೊಣೆಗಾರನಲ್ಲವೆಂದು ಅಲ್ಲಿಯ ಅಪೀಲು ನ್ಯಾಯಾಲಯ ತೀರ್ಮಾನಿಸಿತು. ಇಂಗ್ಲೆಂಡಿನಿಂದ ಕಾಯಿದೆ ಕಲಿತ ನಮ್ಮ ದೇಶವು ಈ ಒಂದು ವಿಷಯದಲ್ಲಿ ಗುರುವನ್ನು ಅನುಸರಿಸಲಿಲ್ಲ. ೧೮೭೭ರ ನಿರ್ದಿಷ್ಟ ಪರಿಹಾರದ ಕಾಯಿದೆಯ ೯ನೆಯ ಕಲಮು, ಒಬ್ಬನನ್ನು ಅವನ ಸಮ್ಮತಿಯಿಲ್ಲದೆ, ನ್ಯಾಯಮಾರ್ಗವನ್ನು ಬಿಟ್ಟು ಕಬ್ಜೆಯಿಂದ ತೆಗೆದುಹಾಕಿದರೆ, ಒಡೆತನ ಯಾರದೆಂಬ ಪ್ರಶ್ನೆಗೆ ಹೋಗದೆಯೇ ಕಬ್ಜೆಯನ್ನು ಹಿಂತಿರುಗಿಸತಕ್ಕದ್ದೆಂದು ವಿಧಿಸಿತ್ತು; ದಾವೆ ಆರು ತಿಂಗಳೊಳಗೆ ಬರಬೇಕು.

ಬಾಡಿಗೆ ಮುಗಿದ ಮೇಲೆ ಕೂತವನಿಗೂ ಈ ಕಲಮಿನ ರಕ್ಷೆಯಿದೆಯೇ ಎಂಬ ಪ್ರಶ್ನೆ ಮುಂಬಯಿ ಹೈಕೋರ್ಟಿನ ಮುಂದೆ ಬಂದಿತು. ಅದರ ವರದಿ ಇಂಡಿಯನ್ ಲಾ ರಿಪೋರ್ಟ್ಸಿನ ಮುಂಬಯಿಯ ೨೯ನೆಯ ಸಂಪುಟದಲ್ಲಿದೆ. ಹೆಸರು ರುದ್ರಪ್ಪ ಮತ್ತು ನರಸಿಂಗರಾವ್. ರುದ್ರಪ್ಪನೆಂಬ ಹೆಸರನ್ನು ಕೇಳಿದೊಡನೆ ಕನ್ನಡ ಸೀಮೆಯ ವಾಸನೆ ಬರುತ್ತದೆ. ಅವಧಿ ಮುಗಿದವನಾದರೂ ಆತನನ್ನು ಒಡೆಯನು ತಾನೇ ಹೊರಗೆ ಹಾಕಕೂಡದು, ಹಾಕಿದರೆ ಹೋದ ಕಬ್ಜೆ ತಿರುಗಿ ಬರತಕ್ಕದ್ದು ಎಂದು ಅಲ್ಲಿ ತೀರ್ಮಾನವಾಯಿತು. ಕಲಮಿಗೆ ಹೊಲವೆಂದೂ ಮನೆಯೆಂದೂ ಭೇದವಿಲ್ಲ. ೧೯೨೪ರಲ್ಲಿ ಪ್ರೀವಿ ಕೌನ್ಸಿಲು ಮಿದ್ನಾಪುರದ ಜಮೀನುದಾರಿ ಕಂಪನಿಯ ಮೊಕದ್ದಮೆಯಲ್ಲಿ ಅದೇ ದಾರಿಯನ್ನು ಹಿಡಿಯಿತು. ೧೯೫೪ರಲ್ಲಿ ಮುಂಬಯಿಯ ಮುಖ್ಯ ನ್ಯಾಯಾಧೀಶರಾದ ಛಾಗಲಾ ಅವರೂ, ೧೯೬೮ರಲ್ಲಿ ಲಲ್ಲು ಯಶವಂತಸಿಂಗನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಸ್ಥಿರಪಡಿಸಿದರು. ಈಗ ಆ ಕಲಮು ೧೯೬೩ರ ಹೊಸ ಕಾಯಿದೆಯ ೬ನೆಯದಾಗಿದೆ. ಆರು ತಿಂಗಳ ಗಡುವು ಹಾಗೆಯೇ ಉಳಿದಿದೆ. ನಮ್ಮ ಅಭಿಪ್ರಾಯದಲ್ಲಿ ಬಾಡಿಗೆಯ ನ್ಯಾಯದ ಇಡೀ ಚರಿತ್ರೆಯಲ್ಲಿ ಬಡವನಿಗೆ ಇದರಷ್ಟು ಉಪಕಾರ ಮಾಡಿದ ನಿಯಮ ಬೇರೊಂದಿಲ್ಲ. ಬಾಡಿಗೆ ನಿಯಂತ್ರಣದ ಕಾಯಿದೆಗಳು ಬಂದು ಹೋದವು. ಅವು ಅನ್ವಯಿಸುವ ಊರುಗಳೂ ಬೇರೆಬೇರೆ. ಇದಾದರೋ ಹಳ್ಳಿಗೂ ಒಂದೇ, ಪಟ್ಟಣಕ್ಕೂ ಒಂದೇ.

ಆದರೆ ಸವಣೂರಿಗೆ? ವೀಳೆಯದೆಲೆಗೂ, ದೊಡ್ಡ ಹುಣಸೆಯೆಂದು ಜನರು ಕರೆಯುವ ಆ ಮಹಾವೃಕ್ಷಗಳಿಗೂ ಹೆಸರಾದ ಈ ಊರು ಧಾರವಾಡ ಜಿಲ್ಲೆಯ ನಡುವೆ ನವಾಬರ ಸಂಸ್ಥಾನದ ರಾಜಧಾನಿಯಾಗಿತ್ತು. ಸಂಸ್ಥಾನದ ವಿಸ್ತಾರ ಸುಮಾರು ೭೦ ಚದರ ಮೈಲಿ. ಬ್ರಿಟಿಷ್ ಇಂಡಿಯದ ಕಾಯಿದೆಗಳು ಸಂಸ್ಥಾನಗಳಲ್ಲಿ ತಮ್ಮಷ್ಟಕ್ಕೆ ತಾವೇ ನಡೆಯುತ್ತಿರಲಿಲ್ಲ. ದರಬಾರು ಒಪ್ಪಿಕೊಂಡಷ್ಟು ಮಾತ್ರ ನಡೆಯುತ್ತಿದ್ದವು. ಹೀಗಾಗಿ ಶಿಗ್ಗಾವಿಯ ಬಾಡಿಗೆದಾರನು ಮುಂಬಯಿ ಸರಕಾರದ ಕೋರ್ಟಿನ ಅಧಿಕಾರದಲ್ಲಿಯೂ, ಕೆಲವೇ ಹರದಾರಿಯಾಚೆ ಇದ್ದ ಅವನ ಬೀಗನು ನವಾಬರ ಅಧಿಕಾರದಲ್ಲಿಯೂ ಇರುತ್ತಿದ್ದರು. ಸಂಸ್ಥಾನದ ಪ್ರಜೆಗಳಾಗಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ೧೯೪೮ರಲ್ಲಿ ಸವಣೂರು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಬಳಿಕ ಆ ಗೆರೆ ಅಳಿಸಿಹೋಯಿತು.

ಅದೇ ವರುಷದ ಫೆಬ್ರವರಿಯಲ್ಲಿ ಮುಂಬಯಿ ಪ್ರಾಂತದ ೧೯೪೭ರ ಬಾಡಿಗೆ ಕಾಯಿದೆ ಜಾರಿಗೆ ಬಂದಿತು. ಇದರ ವಂಶಾವಳಿಯನ್ನು ನೋಡಬೇಕಾದರೆ ಯುದ್ಧಗಳ ಕಡೆಗೆ ನೋಡಬೇಕು. ೧೯೧೫ರಲ್ಲಿ ಗ್ಲಾಸ್ಗೋ ನಗರದ ಕಾರ್ಮಿಕರ ಹೆಂಗಸರು, ಮೇರಿ ಬಾರ್ಬರ್ ಮೊದಲಾದವರ ಮುಂದಾಳುತನದಲ್ಲಿ, ಹೆಚ್ಚಿಸಿದ ಬಾಡಿಗೆಯನ್ನು ಕೊಡುವುದಿಲ್ಲವೆಂದು ನಿಂತರು. ಗಂಡಸರು ಯುದ್ಧಕ್ಕೆ ಹೋಗಿರುವಾಗ ಹೆಂಡತಿಮಕ್ಕಳನ್ನು ಬೀದಿಗೆ ಹಾಕಲು ಬಂದ ಜವಾನರನ್ನು ಬಾಗಿಲಲ್ಲಿಯೇ ತಡೆದರು. ಆ ವರುಷ ಮುಗಿಯುವುದರೊಳಗೆ ಪಾರ್ಲಿಮೆಂಟು ಬಾಡಿಗೆಗೆ ಮಿತಿ ಹಾಕಿತು. ಮುಂಬಯಿಯಲ್ಲಿ ೧೯೧೮ರಲ್ಲಿ ಅಂಥದೇ ಕಾಯಿದೆಯಾಯಿತು; ಎರಡನೆಯ ಯುದ್ಧದ ಹೊತ್ತಿಗೆ ೧೯೩೯ರಲ್ಲಿಯೂ ೧೯೪೪ರಲ್ಲಿಯೂ ಬೇರೆ ಕಾಯಿದೆಗಳು; ಬಳಿಕ ೧೯೪೭ರದು. ಅನುಸೂಚಿಯಲ್ಲಿ ಹೇಳಿದ ಊರುಗಳಲ್ಲಿ ೧೯೪೦ರ ಸೆಪ್ಟೆಂಬರ್ ೧ರಂದು ಇದ್ದ ಬಾಡಿಗೆಯೇ ಪ್ರಮಾಣವೆಂದು ಅದು ಸ್ಥಿರಮಾಡಿತು. ಆ ಬಾಡಿಗೆಯನ್ನು ತಪ್ಪದೆ ಕೊಡುತ್ತಿರುವವನನ್ನು ಎಬ್ಬಿಸಕೂಡದು. ಪಗಡಿಯ ಹಣ ಕೇಳಕೂಡದು. ಬಾಡಿಗೆಗೆ ರಸೀತಿ ಕೊಡದಿದ್ದರೆ ಅಪರಾಧ.

ಆದರೂ ಒಡೆಯನಿಗೆ ಬಾಗಿಲನ್ನು ಪೂರ್ತಿ ಮುಚ್ಚಿರಲಿಲ್ಲ. ತನ್ನ ವಾಸಕ್ಕೆ ಪ್ರಾಮಾಣಿಕವಾಗಿ ಬೇಕಾಗಿದ್ದರೆ ಕೇಳಬಹುದಾಗಿತ್ತು. ಆಗ ಕೋರ್ಟು ಒಂದು ತಕ್ಕಡಿ ಹಿಡಿಯಬೇಕು: ಮನೆ ಸಿಗದಿದ್ದರೆ ಒಡೆಯನಿಗಾಗುವ ಕಷ್ಟ ಹೆಚ್ಚೋ, ಬಿಟ್ಟರೆ ಬಾಡಿಗೆದಾರನಿಗಾಗುವ ಕಷ್ಟ ಹೆಚ್ಚೋ? ಬಾಡಿಗೆದಾರನ ಕಷ್ಟವೇ ಹೆಚ್ಚಾಗಿದ್ದರೆ ಡಿಕ್ರಿಯಿಲ್ಲ. ಹೀಗೆ ಮನೆಯನ್ನು ಪಡೆದ ಒಡೆಯನು ತಿಂಗಳೊಳಗೆ ತಾನು ವಾಸಕ್ಕೆ ಬಾರದಿದ್ದರೆ, ಅಥವಾ ವರುಷದೊಳಗೆ ಬೇರೊಬ್ಬನಿಗೆ ಬಾಡಿಗೆಗೆ ಕೊಟ್ಟರೆ, ಹಳೆಯ ಬಾಡಿಗೆದಾರನು ತಿರುಗಿ ಸ್ವಾಧೀನ ಕೇಳಬಹುದಾಗಿತ್ತು. ಮಗಳ ಮದುವೆಗೆಂದು ಮನೆ ಬಿಡಿಸಿಕೊಂಡು ಮರುತಿಂಗಳು ಹೆಚ್ಚಿನ ಬಾಡಿಗೆಗೆ ಕೊಡುವ ಜಾಣತನವನ್ನು ಕಾಯಿದೆ ಮಾಡಿದವರು ಚೆನ್ನಾಗಿ ಬಲ್ಲವರಾಗಿದ್ದರು.

ಈ ರಕ್ಷೆಗೆ ಇನ್ನೊಂದು ಮುಖವಿತ್ತು. ಗಂಡನನ್ನು ಕಳೆದುಕೊಂಡು, ಉಳಿದ ಒಂದೇ ಮನೆಯ ಅರ್ಧವನ್ನು ಬಾಡಿಗೆಗೆ ಕೊಟ್ಟು ಬದುಕುವ ಹೆಂಗಸೂ ಕಾಯಿದೆಯ ಲೆಕ್ಕದಲ್ಲಿ ಒಡತಿಯೇ. ಅಕ್ಕಿಯ ಬೆಲೆ ಏರಿತು, ಸುಣ್ಣದ ಬೆಲೆ ಏರಿತು. ಅವಳಿಗೆ ಬರುವ ಬಾಡಿಗೆ ಮಾತ್ರ ೧೯೪೦ರಲ್ಲಿಯೇ ನಿಂತಿತು. ಬಾಡಿಗೆದಾರನು ಅವಳಿಗಿಂತ ಸ್ಥಿತಿವಂತನಾಗಿದ್ದರೂ ಕಾಯಿದೆ ಅವನ ಕಡೆಗೇ. ೧೯೯೭ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮಲ್ಪೆ ವಿಶ್ವನಾಥ ಆಚಾರ್ಯರ ಮೊಕದ್ದಮೆಯಲ್ಲಿ, ಹುಟ್ಟಿದಾಗ ಯುಕ್ತವಾಗಿದ್ದ ಈ ನಿಯಮವು ಕಾಲ ಕಳೆದಂತೆ ಯುಕ್ತಿಹೀನವಾಯಿತೆಂದು ಹೇಳಿತು. ಐವತ್ತು ವರುಷ ತಡವಾಗಿ ಬಂದ ಮಾತು.

ಅಷ್ಟರಲ್ಲಿ ನಮ್ಮ ನಾಲ್ಕು ಊರುಗಳು ಮುಂಬಯಿಯ ಕೈಬಿಟ್ಟು ದೂರ ಬಂದಿದ್ದವು. ೧೯೫೬ರ ನವೆಂಬರ್ ೧ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು; ಹಳೆಯ ಕಾಯಿದೆಗಳು ಮಾತ್ರ ಹಾಗೆಯೇ ಅಂಟಿಕೊಂಡು ಬಂದವು. ಒಂದೇ ರಾಜ್ಯದಲ್ಲಿ ಹಳೆಯ ಮೈಸೂರಿಗೆ ೧೯೫೧ರ ಕಾಯಿದೆ, ಮುಂಬಯಿ ಕರ್ನಾಟಕಕ್ಕೆ ೧೯೪೭ರದು, ದಕ್ಷಿಣ ಕನ್ನಡಕ್ಕೆ ಮದರಾಸಿನದು, ಕಲಬುರ್ಗಿಯ ಕಡೆಗೆ ಹೈದರಾಬಾದಿನದು. ಭಾಷೆ ಒಂದಾದರೂ ಮನೆ ಬಿಡಿಸುವ ನ್ಯಾಯ ನಾಲ್ಕು ಬಗೆ. ಇದನ್ನು ಒಟ್ಟುಗೂಡಿಸಿದ್ದು ೧೯೬೧ರ ಮೈಸೂರು ಬಾಡಿಗೆ ನಿಯಂತ್ರಣ ಕಾಯಿದೆ. ಅದರ ೨೧ನೆಯ ಕಲಮಿನಲ್ಲಿ ಎಬ್ಬಿಸಲು ತಕ್ಕ ಕಾರಣಗಳ ಪಟ್ಟಿಯಿತ್ತು, ಕಷ್ಟಗಳನ್ನು ತೂಗುವ ಆ ತಕ್ಕಡಿಯೂ ಇತ್ತು. ಇಂಥ ಬಾಡಿಗೆ ಕಾಯಿದೆಯ ಮೇರೆಗೆ ಎಬ್ಬಿಸಬೇಕಾದರೆ ೧೦೬ನೆಯ ಕಲಮಿನ ನೋಟೀಸು ಬೇರೆಯಾಗಿ ಬೇಡವೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರು ೧೯೭೯ರಲ್ಲಿ, ಧನಪಾಲ ಚೆಟ್ಟಿಯಾರರ ಮೊಕದ್ದಮೆಯಲ್ಲಿ ತೀರ್ಮಾನಿಸಿದರು.

ಈಗ ಆ ಕಾಯಿದೆಯ ಸ್ಥಾನದಲ್ಲಿ ೧೯೯೯ರ ಕರ್ನಾಟಕ ಬಾಡಿಗೆ ಅಧಿನಿಯಮವಿದೆ. ಜಾರಿಗೆ ಬಂದದ್ದು ೨೦೦೧ರ ಡಿಸೆಂಬರ್ ೩೧ರಂದು. ಅನುಸೂಚಿಯಲ್ಲಿ ಹೆಸರಿಸಿದ ಸ್ಥಳಗಳಿಗೆ ಮಾತ್ರ ಅದರ ಅನ್ವಯ. ಬಾಡಿಗೆಯು ಅನುಸೂಚಿಯ ಮೊದಲ ಭಾಗದ ನಗರಗಳಲ್ಲಿ ತಿಂಗಳಿಗೆ ೩,೫೦೦ ರೂಪಾಯಿಯನ್ನು, ಉಳಿದೆಡೆ ೨,೦೦೦ ರೂಪಾಯಿಯನ್ನು ಮೀರಿದರೆ ಅಧಿನಿಯಮವಿಲ್ಲ, ೧೮೮೨ರ ಹಳೆಯ ಕಾಯಿದೆಯೇ ಗತಿ. ಹೀಗೆ ಬಹುಪಾಲು ಮನೆಗಳು ಒಂದು ಸುತ್ತು ತಿರುಗಿ ಹದಿನೈದು ದಿನದ ನೋಟೀಸಿಗೇ ಬಂದು ನಿಂತಿವೆ. ಅಧಿನಿಯಮ ಅನ್ವಯಿಸುವಲ್ಲಿ ಬಾಡಿಗೆ ಬಾಕಿಗೆ ಎರಡು ತಿಂಗಳ ನೋಟೀಸು ಬೇಕು. ವಿಧವೆಯರಿಗೂ, ಅಂಗವಿಕಲರಿಗೂ, ೬೫ ವರುಷ ತುಂಬಿದ ಒಡೆಯರಿಗೂ ತಮ್ಮ ವಾಸಕ್ಕಾಗಿ ಮನೆಯನ್ನು ಬೇಗನೆ ಪಡೆಯುವ ಪ್ರತ್ಯೇಕ ದಾರಿಯಿದೆ. ನಾವು ಮೇಲೆ ಹೇಳಿದ ಹೆಂಗಸಿನ ಕೂಗು ಕೊನೆಗೂ ಶಾಸನಸಭೆಗೆ ಮುಟ್ಟಿದಂತಾಯಿತು. ಬಾಡಿಗೆದಾರನು ತೀರಿಕೊಂಡರೆ ಅವನೊಡನೆ ವಾಸವಾಗಿದ್ದ ಹತ್ತಿರದವರಿಗೆ ಹಕ್ಕು ಐದು ವರುಷ ಉಳಿಯುತ್ತದೆ. ತಾತನ ಬಾಡಿಗೆ ಮೊಮ್ಮಗನಿಗೆ ಪಿತ್ರಾರ್ಜಿತದಂತೆ ಇಳಿದುಬರುವ ಕಾಲ ಹೋಯಿತು.

ಬಿಡುವ ದಿನದ ವಿಷಯವಾಗಿ ಇನ್ನೆರಡು ಮಾತು. ಮನೆಯನ್ನು ಪಡೆದಾಗ ಇದ್ದ ಸ್ಥಿತಿಯಲ್ಲಿ ಒಪ್ಪಿಸತಕ್ಕದ್ದೆಂಬುದು ನಿಜ. ಆದರೆ ವಾಸದಿಂದ ಸಹಜವಾಗಿ ಆಗುವ ಸವೆತಕ್ಕೂ, ತಡೆಯಲಾಗದ ದೈವಿಕ ಕಾರಣಕ್ಕೂ ಬಾಡಿಗೆದಾರನು ಹೊಣೆಯಲ್ಲ. ಹತ್ತು ವರುಷ ಇದ್ದ ಮನೆಯ ಗೋಡೆಯ ಬಣ್ಣ ಮಾಸಿತೆಂದು ಮುಂಗಡದ ಹಣವನ್ನೆಲ್ಲ ಹಿಡಿದುಕೊಳ್ಳುವುದು ಆ ಮಾತಿಗೆ ಒಪ್ಪುವುದಿಲ್ಲ. ಒಪ್ಪಿಸುವುದೆಂದರೆ ಇಡೀ ಮನೆಯನ್ನು ಒಪ್ಪಿಸುವುದು. ಒಳಕೋಣೆಯಲ್ಲಿ ತಾನು ಇಟ್ಟುಕೊಂಡಿದ್ದ ಒಳಬಾಡಿಗೆದಾರನನ್ನು ಬಿಟ್ಟು ತಾನು ಹೊರಟರೆ ಕಾಯಿದೆಯ ಕಣ್ಣಿನಲ್ಲಿ ಆತನು ಹೊರಟಂತಾಗಲಿಲ್ಲ. ಇನ್ನು ನಾರದನ ಹುಲ್ಲು, ಮರ, ಇಟ್ಟಿಗೆಗಳು. ೧೦೮ನೆಯ ಕಲಮಿನಲ್ಲಿ ಅವು ಇಂದಿಗೂ ಜೀವಂತವಾಗಿವೆ: ಬಾಡಿಗೆದಾರನು ತಾನು ನೆಲಕ್ಕೂ ಗೋಡೆಗೂ ಕೂಡಿಸಿದ ವಸ್ತುಗಳನ್ನು, ಅವಧಿ ಮುಗಿದ ಬಳಿಕವೂ, ಮನೆಗೆ ಹಾನಿ ಉಳಿಸದಂತೆ ಬಿಚ್ಚಿಕೊಂಡು ಹೋಗಬಹುದು. ಆದರೆ ಮನೆ ತನ್ನ ಕೈಯಲ್ಲಿ ಇರುವಷ್ಟು ಕಾಲ ಮಾತ್ರ. ಕೀಲಿಯನ್ನು ಒಡೆಯನ ಕೈಗೆ ಕೊಟ್ಟ ಮೇಲೆ ಹಲಗೆಗಾಗಿ ತಿರುಗಿ ಬಂದವನಿಗೆ ಆ ಹಕ್ಕಿಲ್ಲ.